ತಲವಾರ ಹಿಡಿದ ಸೋದರಮಾವ

ನನ್ನ ಅಕ್ಕನ ಮಗಳ ಮದುವೆ ಗೊತ್ತಾದ ದಿನ ಮನೆಯವರೆಲ್ಲ ಬಾಯಿಗೆ ಸಕ್ಕರೆ ಹಾಕಿಕೊಂಡರು. ನಾನು ಮಾತ್ರ ಹಿತ್ತಲಿಗೆ ಹೋಗಿ, ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಿಟ್ಟು ಮಾಡಿಕೊಂಡೆ. ಯಾರ ಮೇಲೆ ಸಿಟ್ಟು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹುಡುಗ ಒಳ್ಳೆಯವನು. ಬೆಳಗಾವಿಯಲ್ಲಿ ಮನೆ, ಖಾಯಂ ನೌಕರಿ, ಮಾತು ಕಡಿಮೆ. ನಮ್ಮ ಹುಡುಗಿಗೂ ಮನಸ್ಸಿಗೆ ಬಂದಿದ್ದ. ಆದರೆ ಅವಳು ಖಾನಾಪುರ ಬಿಟ್ಟು ಹೋದರೆ, ನನ್ನ ಕಿವಿಗೆ ಬಿದ್ದದ್ದು ಖರೆಯೋ ಸುಳ್ಳೋ ಎಂದು ಹೇಳುವವರು ಇನ್ನು ಯಾರೂ ಇರುವುದಿಲ್ಲ. ಅವತ್ತು ನನ್ನ ತಲೆಗೆ ಮೊದಲು ಬಂದದ್ದು ಇದೇ ವಿಚಾರ. ಸ್ವಾರ್ಥ ಅನ್ನಿ, ಏನು ಬೇಕಾದರೂ ಅನ್ನಿ.

ಬಿಡಿಸಿ ಹೇಳುತ್ತೇನೆ. ಇಪ್ಪತ್ತು ದಾಟಿದ ಮೇಲೆ ನನಗೆ ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ ಬಂತು. ಬಂದದ್ದು ಹೋಗಲಿಲ್ಲ. ಸಕ್ಕರೆ ಕಾಯಿಲೆಯ ಹಾಗೆ ಗುಳಿಗೆ ತಿನ್ನುತ್ತ, ಜೊತೆಗಿಟ್ಟುಕೊಂಡು ಬದುಕಬೇಕಾದ ಜಾತಿಯದು. ನನಗೆ ಎದುರಿಗೆ ಇಲ್ಲದವರ ದನಿ ಕೇಳಿಸುತ್ತದೆ. ಅದರಲ್ಲೂ ಒಬ್ಬ ಗಂಡಸಿನ ದನಿ, ಅದೂ ಮರಾಠಿಯಲ್ಲಿ. ನಮ್ಮದು ಪಾರಿಶ್ವಾಡದ ಕಡೆಯಿಂದ ಬಂದ ಕನ್ನಡದ ಮನೆತನ. ಮರಾಠಿ ಕಲಿತದ್ದು ಖಾನಾಪುರದ ಪೇಟೆಯಲ್ಲಿ, ಗೆಳೆಯರ ಜೊತೆ ತಿರುಗಾಡುತ್ತ. ಮನೆಯಲ್ಲಿ ಕನ್ನಡ, ತಲೆಯಲ್ಲಿ ಮರಾಠಿ. ಆ ಮನುಷ್ಯನ ಉದ್ಯೋಗವೆಂದರೆ ನಾನು ಮಾಡಿದ್ದನ್ನೆಲ್ಲ ಸಾರುವುದು. ಈಗ ಎದ್ದ, ಈಗ ಚಪ್ಪಲಿ ಹಾಕಿದ, ನೋಡು ನೋಡು ಈಗ ಎಡವುತ್ತಾನೆ. ಗುಳಿಗೆ ತಿಂದರೆ ದನಿ ಸಣ್ಣದಾಗುತ್ತದೆ, ಪಕ್ಕದ ಮನೆಯ ರೇಡಿಯೊದಷ್ಟು. ಪೂರ್ತಿ ಬಂದ್ ಆಗುವುದಿಲ್ಲ. ಗುಳಿಗೆಯಿಂದ ಬಾಯಿ ಒಣಗುತ್ತದೆ, ಹೊಟ್ಟೆ ಮುಂದೆ ಬಂದಿದೆ, ಕೈ ನಡುಗುತ್ತದೆ. ಆದರೂ ತಿನ್ನುತ್ತೇನೆ, ಯಾಕೆಂದರೆ ತಿನ್ನದೆ ಇದ್ದಾಗ ಏನಾಯಿತು ಎಂಬುದು ನನಗೂ ನೆನಪಿದೆ, ಅಕ್ಕನಿಗಂತೂ ಚೆನ್ನಾಗಿ ನೆನಪಿದೆ.

ಬೆಳಗಾವಿ ದಾರಿಯ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ಎರಕ ಹೊಯ್ದು ಬಂದ ಕಬ್ಬಿಣದ ಬಿಡಿಭಾಗಗಳ ಚೂಪು ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡುವುದು. ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಉಳಿದವರು ಕಾರ್ಖಾನೆಯ ಗದ್ದಲಕ್ಕೆ ಬೈಯುತ್ತಾರೆ, ನನಗೆ ಆ ಗದ್ದಲವೇ ಪುಣ್ಯ. ಯಂತ್ರಗಳು ತಿರುಗುವಷ್ಟು ಹೊತ್ತು ತಲೆಯೊಳಗಿನವನು ಬಾಯಿ ಮುಚ್ಚಿಕೊಂಡು ಕೂತಿರುತ್ತಾನೆ. ಕರೆಂಟ್ ಹೋಯಿತೋ, ಶುರು ಮಾಡಿದ ಅಂತಲೇ. ಎಲ್ಲರೂ ಚಹಾಕ್ಕೆ ಓಡುತ್ತಾರೆ, ನಾನು ಕಿಸೆಯಿಂದ ಶೇಂಗಾ ತೆಗೆದು ಸಿಪ್ಪೆ ಸುಲಿಯುತ್ತ ಕೂರುತ್ತೇನೆ. ಕೈಗೆ ಏನಾದರೂ ಕೆಲಸ ಇರಬೇಕು. ಮಾಲೀಕರಿಗೆ ನನ್ನ ಕಾಯಿಲೆ ಗೊತ್ತು. ಊಟದ ನಂತರ ಗೋಣಿಚೀಲದ ಮೇಲೆ ಒಂದಿಷ್ಟು ಒರಗಿದರೆ ಏನೂ ಅನ್ನುವುದಿಲ್ಲ. ಸಾಯಂಕಾಲದ ಬಸ್ಸು ಮಾತ್ರ ಕಷ್ಟದ್ದು. ಅರ್ಧ ಬಸ್ಸು ಮರಾಠಿಯಲ್ಲೇ ಹರಟುತ್ತಿರುತ್ತದೆ. ಯಾವುದು ಬಸ್ಸಿನ ಮಾತು, ಯಾವುದು ನನ್ನವನ ಮಾತು ಎಂದು ಆರಿಸುವಷ್ಟರಲ್ಲಿ ಊರು ಬಂದು ನಾನು ಬೆವೆತುಹೋಗಿರುತ್ತೇನೆ.

ಇನ್ನು ನಮ್ಮ ಹುಡುಗಿಯ ವಿಷಯ. ನಾನು ಮೊದಲ ಸಲ ಆಸ್ಪತ್ರೆಯಿಂದ ಅಕ್ಕನ ಮನೆಗೆ ಬಂದಾಗ ಅವಳು ಇನ್ನೂ ಬಾಲವಾಡಿಗೆ ಹೋಗುವ ಮಗು. ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕೂತಿದ್ದೆ, ಅವಳು ಎದುರಿಗೆ ಮಣ್ಣಿನ ಬೋಗುಣಿಯಲ್ಲಿ ಎಲೆ ಹಾಕಿ ಅಡುಗೆ ಮಾಡುತ್ತಿದ್ದಳು. ನಾನು ಎದ್ದು ಬಾಗಿಲಿಗೆ ಹೋಗುವುದು, ಬರುವುದು, ಮತ್ತೆ ಎದ್ದು ಹೋಗುವುದು ನಡೆದಿತ್ತು. ಅವಳು ತಲೆಯೆತ್ತಿದಳು.

"ಮಾಮಾ, ಎಲ್ಲಿಗಿ ಹೊಂಟಿ?"

"ಬಾಗಲದಾಗ ಯಾರೋ ಕರದ್ರಲ್ಲ."

"ಯಾರೂ ಕರದಿಲ್ಲ. ಕುಂದ್ರು."

ಇಷ್ಟು ಹೇಳಿ ಮತ್ತೆ ಅಡುಗೆಗೆ ತೊಡಗಿದಳು. ಆ ಮಾತಿನಲ್ಲಿ ಹೆದರಿಕೆ ಇರಲಿಲ್ಲ, ಅಯ್ಯೋ ಪಾಪ ಎಂಬುದೂ ಇರಲಿಲ್ಲ. ಅಲ್ಲಿಯವರೆಗೆ ಎಲ್ಲರೂ ನನಗೆ ಹೇಳುತ್ತಿದ್ದುದು ಒಂದೇ, ಅದೆಲ್ಲ ಭ್ರಮೆ, ಕಿವಿಗೊಡಬೇಡ. ಅರೇ, ಯಾವುದಕ್ಕೆ ಕಿವಿಗೊಡಬಾರದು ಎಂದು ಮೊದಲು ಗೊತ್ತಾಗಬೇಕಲ್ಲ! ಈ ಮಗು ಒಂದು ಮಾತಿನಲ್ಲಿ ಗೊತ್ತು ಮಾಡಿಕೊಟ್ಟಿತು. ಅವತ್ತು ನಾನು ಸಾಯಂಕಾಲದವರೆಗೆ ಅಲ್ಲಿಂದ ಏಳಲಿಲ್ಲ, ಅವಳು ಕೊಟ್ಟ ಎಲೆಯ ಪಲ್ಯ ತಿಂದಂತೆ ಮಾಡುತ್ತ ಕೂತಿದ್ದೆ.

ಅವತ್ತಿನಿಂದ ಅದೇ ರೂಢಿಯಾಯಿತು. ಸಂಶಯ ಬಂದರೆ ಅವಳನ್ನು ಕೇಳುವುದು. ಕೇಳಸ್ತೇನು? ಹೂಂ, ಇಲ್ಲವೇ ಊಹೂಂ. ಅದರ ಮುಂದೆ ಮಾತಿಲ್ಲ. ಬೆಳೆಯುತ್ತ ಬಂದಂತೆ ಸ್ವಲ್ಪ ಕಿಲಾಡಿಯಾದಳು. ಒಮ್ಮೆ ಪೇಟೆಯಲ್ಲಿ ನಡೆಯುತ್ತಿರುವಾಗ, ಈಗ ಯಾರಾದರೂ ಏನಾದರೂ ಅಂದರೇನು ಎಂದು ಕೇಳಿದೆ. "ಹೂಂ ಮಾಮಾ, ಅಂದ್ರು. ಹುಡುಗಿಗಿ ಐಸ್‌ಕ್ರೀಮ್ ಕೊಡಸು ಅಂತ ಸ್ವಚ್ಛ ಕೇಳಸ್ತು" ಅಂದಳು. ಬೀದಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಕಾಯಿಲೆಯ ಬಗ್ಗೆ ನನ್ನ ಮುಂದೆಯೇ ಚೇಷ್ಟೆ ಮಾಡಿದವಳು ಅವಳೊಬ್ಬಳೇ. ಐಸ್‌ಕ್ರೀಮ್ ಕೊಡಿಸಲೇಬೇಕಾಯಿತು. ಮುಂದೆ ನಾನು ಕೆಲಸಕ್ಕೆ ಹೋಗತೊಡಗಿದ ಮೇಲೆ ಊಟದ ಹೊತ್ತಿಗೆ ಫೋನು ಮಾಡುತ್ತಿದ್ದೆ. ಫೋನನ್ನು ಕಾರ್ಖಾನೆಯ ಕಡೆ ಚಾಚಿ ಹಿಡಿದರೆ ಅವಳು ಕಿವಿಗೊಟ್ಟು ಕೇಳಿ, "ಮಷೀನ್ ಅಷ್ಟ ಮಾಮಾ. ಊಟ ಮಾಡು" ಅನ್ನುತ್ತಿದ್ದಳು. ನಾನು ಬುತ್ತಿ ಬಿಚ್ಚುತ್ತಿದ್ದೆ.

ಹುಡುಗನ ಕಡೆಯವರು ನೋಡಲು ಬಂದ ದಿನ ಅಕ್ಕ ನನ್ನ ಬಗ್ಗೆ ಒಂದು ಕತೆ ಕಟ್ಟಿಟ್ಟಿದ್ದಳು. ಅವಲಕ್ಕಿಯ ತಾಟು ಹಿಡಿದ ನನ್ನ ಕೈ ನಡುಗುವುದನ್ನು ಹುಡುಗನ ತಾಯಿ ನೋಡಿದ್ದೇ ತಡ, ಅಕ್ಕ ಅವರು ಕೇಳದಿದ್ದರೂ ಹೇಳಿಬಿಟ್ಟಳು. "ನಮ್ಮ ತಮ್ಮಗ ಬಿಪಿ ಐತ್ರಿ." ಬಿಪಿ ಅಂದರೆ ನಮ್ಮಲ್ಲಿ ಮರ್ಯಾದಸ್ಥರ ಕಾಯಿಲೆ. ನಾನು ಸುಮ್ಮನೆ ತಲೆಯಾಡಿಸಿದೆ. ಹುಡುಗ ಹುಡುಗಿ ಇಬ್ಬರನ್ನೇ ಮಾತಾಡಲು ಹಿತ್ತಲಿಗೆ ಕಳಿಸಿದರಲ್ಲ, ಅಲ್ಲಿ ನಮ್ಮ ಮಹಾರಾಯತಿ ಎಲ್ಲವನ್ನೂ ಹೇಳಿ ಬಂದಿದ್ದಳು. ನನ್ನ ಮಾಮಾನಿಗೆ ದನಿ ಕೇಳಿಸುತ್ತವೆ, ಗುಳಿಗೆ ತಗೊಳ್ಳುತ್ತಾನೆ, ನನ್ನನ್ನು ಕೇಳುತ್ತಿರುತ್ತಾನೆ, ಮದುವೆಯಾದ ಮೇಲೂ ಫೋನು ಬರುತ್ತದೆ ಎಂದು. ಆಮೇಲೆ ಕೆಲವು ದಿನ ಅವರಿಂದ ಸುದ್ದಿಯೇ ಇಲ್ಲ. ಅಕ್ಕ ಮಗಳನ್ನು ಬೈದು ಬೈದು ಗಂಟಲು ಕೆಡಿಸಿಕೊಂಡಳು. ನಾನು ಕೆಲಸಕ್ಕೆ ಹೋಗಿ ಬಂದು ಯಾರ ಮುಖವನ್ನೂ ನೋಡದೆ ಮಲಗುತ್ತಿದ್ದೆ. ನನ್ನಿಂದ ಈ ಹುಡುಗಿಯ ಬಾಳು ನಿಂತಿತು ಎಂದು ತಲೆಯೊಳಗಿನವನು ಹೇಳುವ ಅಗತ್ಯವೂ ಇರಲಿಲ್ಲ, ಅದನ್ನು ನಾನೇ ಹೇಳಿಕೊಳ್ಳುತ್ತಿದ್ದೆ.

ಕಡೆಗೆ ಅವರೇ ಫೋನು ಮಾಡಿ ಮುಹೂರ್ತ ನೋಡೋಣ ಅಂದರು. ನಮ್ಮ ಹುಡುಗಿ ಕುಣಿಯುತ್ತ ಬಂದು ನನಗೆ ವರದಿ ಒಪ್ಪಿಸಿದಳು. "ಅವರವ್ವ ಒಂದ ಮಾತ ಕೇಳಿದ್ರಂತ ಮಾಮಾ, ನಿಮ್ಮ ಮಾಮಾ ಯಾರಿಗರೆ ಹೊಡಿತಾರೇನು ಅಂತ. ಇಲ್ರಿ, ಶೇಂಗಾ ತಿಂತಾನ ಅಂತ ಹೇಳೀನಿ." ನಾನು ಹಿತ್ತಲಿಗೆ ಹೋಗಿ ಸಿಟ್ಟು ಮಾಡಿಕೊಂಡು ಕೂತದ್ದು ಇದೇ ದಿನ.

ಮದುವೆಯ ಮಾತುಕತೆಯಲ್ಲಿ ಮತ್ತೊಂದು ವಿಷಯ ಬಂತು. ಎರಡೂ ಮನೆಯವರು ಹಿಂದೆ ಕುರಿ ಕಾದವರೇ, ಕುಲ ಒಂದೇ. ಆದರೆ ಅವರದು ಮರಾಠಿ ಮನೆ, ಪದ್ಧತಿಯಲ್ಲಿ ಅಷ್ಟಿಷ್ಟು ವ್ಯತ್ಯಾಸ. ನಮ್ಮಲ್ಲಿ ಸೋದರಮಾವ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತಂದರೆ ಸಾಕು. ಅವರಲ್ಲಿ ಅಕ್ಷತೆಯ ಹೊತ್ತಿನಲ್ಲಿ ಮದುಮಗನ ಹಿಂದೆ ಅವನ ಸೋದರಮಾವ, ಮದುಮಗಳ ಹಿಂದೆ ಅವಳ ಸೋದರಮಾವ, ತುದಿಗೆ ನಿಂಬೆಹಣ್ಣು ಚುಚ್ಚಿದ ತಲವಾರ ಹಿಡಿದು ಕಾವಲು ನಿಲ್ಲಬೇಕು. ಮಂಗಳಾಷ್ಟಕ ಮುಗಿಯುವವರೆಗೆ ತಲವಾರ ಇಳಿಸುವಂತಿಲ್ಲ. ಇದನ್ನು ಕೇಳಿ ಅಕ್ಕನ ಮುಖ ಬಿಳಿಚಿತು.

"ಇವನ ಕೈಯಾಗ ತಲವಾರ?" ಎಂದು ಭಾವನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಕೈ ನಡಗತಾವಲ್ಲ ತಮ್ಮಾ, ಅದಕ್ಕ ಅಂದೆ" ಅಂದಳು.

ಅದಕ್ಕೇ ಅಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಮೂರು ಹೊತ್ತು ನನಗೆ ಉಣ್ಣಿಸಿ, ಗುಳಿಗೆಯ ಹೊತ್ತು ಒಂದು ದಿನವೂ ತಪ್ಪಿಸದೆ ಕಾಯ್ದ ಅಕ್ಕ ಇವಳು. ಆದರೂ ಮಂದಿ ಏನಂದಾರು ಎಂಬ ಹೆದರಿಕೆ ಅವಳನ್ನು ಬಿಟ್ಟಿಲ್ಲ. ನನಗೆ ಎದೆಯೊಳಗೆ ಚುರ್ ಎಂದಿತು. ಪಾರಿಶ್ವಾಡದ ನಮ್ಮ ಕಾಕಾನ ಮಗನನ್ನು ನಿಲ್ಲಿಸಿದರಾಯಿತು, ಅವನೂ ಸೋದರಮಾವನೇ, ಮೀಸೆಯೂ ದಪ್ಪ ಇದೆ ಎಂದು ಭಾವ ಅಂದರು. ಆಗಲಿ ಎಂದು ನಾನೇ ಮೊದಲು ಒಪ್ಪಿದೆ. ಖರೆ ಹೇಳಬೇಕೆಂದರೆ ಅಷ್ಟು ಜನರ ಎದುರು ನಿಲ್ಲುವುದು ತಪ್ಪಿತಲ್ಲ ಎಂದು ಹಗುರವೂ ಆಯಿತು. ನಮ್ಮ ಹುಡುಗಿ ಮಾತ್ರ ಹಠ ಹಿಡಿದಳು. "ನನ್ನ ಬೆನ್ನ ಹಿಂದ ನಿಲ್ಲೂದಾದ್ರ ಮಾಮಾ ನಿಲ್ಲಬೇಕು. ಇಲ್ಲಾಂದ್ರ ನಿಮ್ಮ ತಲವಾರನೂ ಬ್ಯಾಡ, ನಿಮ್ಮ ಲಗ್ನನೂ ಬ್ಯಾಡ" ಎಂದು ಒಲೆಯ ಮೇಲಿನ ಸಾರು ಉಕ್ಕುವುದನ್ನೂ ನೋಡದೆ ಕೂಗಾಡಿದಳು.

ನಾನು ಬೆಳಗಾವಿಯ ಡಾಕ್ಟರ ಹತ್ತಿರ ಹೋದೆ. ಹುಡುಗಿಯೂ ಜೊತೆಗೆ ಬಂದಳು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಕೈ ನಡುಗುವುದು ಗುಳಿಗೆಯಿಂದ. ಮದುವೆಗೆ ನಾಲ್ಕೈದು ದಿನ ಮೊದಲು ಗುಳಿಗೆ ಬಿಟ್ಟರೆ ಕೈ ನಿಲ್ಲುತ್ತದೆ, ತಲವಾರ ನಿಲ್ಲುತ್ತದೆ, ಅಕ್ಕನ ಮಾನ ನಿಲ್ಲುತ್ತದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗುಳಗಿ ಬಿಟ್ಟ ಮ್ಯಾಲ ಬರೇ ಕೈ ನಿಲ್ತಾವೇನ್ರಿ? ನಿದ್ದಿನೂ ನಿಲ್ಲತದ. ಆ ಮ್ಯಾಲ ನೀವು ಮಂಟಪದಾಗ ಇರತೀರೋ ನಮ್ಮಲ್ಲಿ ಅಡ್ಮಿಟ್ ಆಗಿರತೀರೋ ಯಾರಿಗಿ ಗೊತ್ತು? ಕೈ ನಡಗಿದ್ರ ನಡಗಲಿ ಬಿಡ್ರಿ. ಲಗ್ನದಾಗ ಯಾರ ಕೈ ನಡಗೂದಿಲ್ಲ?"

ನಡುಕ ಕಡಿಮೆಯಾಗಲು ಒಂದು ಸಣ್ಣ ಗುಳಿಗೆ ಬರೆದುಕೊಟ್ಟರು, ಪೂರ್ತಿ ಹೋಗುವುದಿಲ್ಲ ಎಂದೂ ಹೇಳಿದರು. ಮದುವೆ ಮನೆಯಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡಿ, ಗದ್ದಲ ತಡೆಯದಿದ್ದರೆ ಎದ್ದು ದೂರ ಹೋಗಿ ಕೂತುಕೊಳ್ಳಿ, ಅದಕ್ಕೆ ನಾಚಿಕೆ ಬೇಡ ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮಚ್ಛೆ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ನೀ ಹ್ವಾದ ಮ್ಯಾಲ ನಾ ಯಾರನ್ನ ಕೇಳಲೇ?"

"ಫೋನ್ ಮಾಡು."

"ಫೋನಿನ್ಯಾಗ ಎಲ್ಲಾ ಆಗತೈತೇನು? ನೀ ಅತ್ತಿಮನಿಯಾಗ ಒಲಿ ಮುಂದ ಇರತಿ. ನನಗ ಇಲ್ಲಿ ಬೀದ್ಯಾಗ ನಿಂತಾಗ ಬೇಕಿರತೈತಿ."

"ಹಂಗಾರ ಬಾಜೂಕ ಇದ್ದವರನ್ನ ಕೇಳು ಮಾಮಾ. ಯಾರಿದ್ರ ಅವರನ್ನ."

"ಬಾಜೂಕ ಇದ್ದವರನ್ನ ಕೇಳಿದ್ರ ಹುಚ್ಚ ಅಂತಾರ."

"ಕೇಳದಿದ್ರೂ ಅಂತಾರ. ಕೇಳಿದ್ರ ಉತ್ತರರೆ ಸಿಗತೈತಿ."

ಅವಳು ಸುಲಭವಾಗಿ ಹೇಳಿಬಿಟ್ಟಳು. ನನಗೆ ಸಿಟ್ಟು ಬಂತು, ಖಾನಾಪುರ ಬರುವವರೆಗೆ ಕಿಟಕಿಯ ಕಡೆಗೇ ತಿರುಗಿ ಕೂತೆ. ಇಷ್ಟು ವರ್ಷ ನಾನು ಹೊರಗಿನವರ ಎದುರು ಒಂದೇ ಒಂದು ಉಪಾಯದಿಂದ ಬದುಕಿದ್ದೇನೆ. ಖರೆಯೋ ಸುಳ್ಳೋ ತಿಳಿಯದ ಮಾತು ಬಂದರೆ ಕಲ್ಲಿನಂತೆ ಇದ್ದುಬಿಡುವುದು. ತಿರುಗಿ ನೋಡಬಾರದು, ಉತ್ತರ ಕೊಡಬಾರದು. ಇದರಿಂದ ಎಷ್ಟೋ ಸಲ ಖರೆಯಾಗಿ ಕರೆದವರು ನನ್ನನ್ನು ಸೊಕ್ಕಿನವನು ಎಂದು ಬೈದು ಹೋಗಿದ್ದಾರೆ. ಹುಚ್ಚ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಅನ್ನಿಸಿಕೊಳ್ಳುವುದು ಎಷ್ಟೋ ಮೇಲು ಅಂತ ನನ್ನ ಲೆಕ್ಕ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅವಳು ಅಂದಳು, "ಸಿಟ್ಟ ಮಾಡ್ಕೊ. ಆದ್ರ ತಲವಾರ ನೀನ ಹಿಡೀಬೇಕು." ಮರುದಿನದಿಂದ ತಾಲೀಮು ಶುರುವಾಯಿತು. ತಲವಾರದ ಬದಲು ಭಾವನ ಛತ್ರಿ, ತುದಿಗೆ ಖರೆ ನಿಂಬೆಹಣ್ಣೇ. ಸಾಯಂಕಾಲ ನಾನು ಕೆಲಸದಿಂದ ಬಂದು ಕೈಕಾಲು ತೊಳೆದುಕೊಂಡರೆ ಸಾಕು, ಹುಡುಗಿ ಪಡಸಾಲೆಯಲ್ಲಿ ನನ್ನ ಮುಂದೆ ನಿಲ್ಲುತ್ತಿದ್ದಳು, ಫೋನಿನಲ್ಲಿ ಯಾರದೋ ಮದುವೆಯ ಮಂಗಳಾಷ್ಟಕ ಜೋರಾಗಿ ಹಾಕುತ್ತಿದ್ದಳು. ಕಿವಿಗೆ ರೂಢಿಯಾಗಲಿ ಎಂದು. ಭಾವ ಮದುಮಗನಾಗಿ ಎದುರಿಗೆ, ನಡುವೆ ಅಂತರಪಟದ ಬದಲು ಮಂಚದ ಹಾಸಿಗೆಬಟ್ಟೆ. ನಿಂಬೆಹಣ್ಣು ಅವಳ ತಲೆಯ ಮೇಲೆ ಥರಥರ ಅಲುಗಾಡುತ್ತಿತ್ತು. ಮೊದಲ ದಿನ ಛತ್ರಿ ಗಪ್ಪನೆ ಬಿಚ್ಚಿಕೊಂಡು ಮದುಮಗನ ಮೂಗಿಗೆ ಬಡಿಯಿತು. ಅಕ್ಕ ಅಡುಗೆಮನೆಯಿಂದ ಬಂದು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಗುತ್ತ ನಗುತ್ತ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. "ನೀನ ಹಿಡಿ ತಮ್ಮಾ. ಮಂದಿ ಏನರೆ ಅಂದಕೊಳ್ಳಲಿ, ನೀನ ಹಿಡಿ" ಅಂದಳು. ನನಗೂ ಕಣ್ಣು ತುಂಬಿದವು, ಆದರೆ ಕೈಯಲ್ಲಿ ಛತ್ರಿ ಇತ್ತು, ಒರೆಸಿಕೊಳ್ಳಲಾಗಲಿಲ್ಲ.

ಮದುವೆ ಖಾನಾಪುರದಲ್ಲೇ, ಒಂದು ಮಂಗಲ ಕಾರ್ಯಾಲಯದಲ್ಲಿ. ಬೆಳಗಿನಿಂದ ನಾನು ಅಡುಗೆಯವರು ಸಾಮಾನು ಇಟ್ಟ ಕೋಣೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದೆ. ಮಂದಿ ಕಡಿಮೆ, ಕೈಗೆ ಕೆಲಸ ಇದೆ, ನನಗೆ ಅದೇ ಬೇಕಾದದ್ದು. ಮುಹೂರ್ತದ ಹೊತ್ತಿಗೆ ಭಾವ ಬಂದು ಹೊಸ ರುಮಾಲು ಸುತ್ತಿ ಕರೆದುಕೊಂಡು ಹೋದರು. ನಾನು ನಮ್ಮ ಹುಡುಗಿಯ ಕೈಹಿಡಿದು ಮಂಟಪಕ್ಕೆ ತಂದೆ. ಅವಳ ಕೈಯೂ ನಡುಗುತ್ತಿತ್ತು. ಡಾಕ್ಟರು ಸುಳ್ಳು ಹೇಳಿರಲಿಲ್ಲ.

ನನ್ನ ಬಲಗೈಗೆ ತಲವಾರ ಕೊಟ್ಟರು. ಛತ್ರಿಗಿಂತ ಬಹಳ ಭಾರ. ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ, ಮದುಮಗನ ಹಿಂದೆ ಜಾಗ ಸಾಲದೆ ನಮ್ಮ ಕಡೆಗೇ ಬಂದಿದ್ದ ಅವನ ಸೋದರಮಾವ ತನ್ನ ತಲವಾರ ಹಿಡಿದು ನಿಂತಿದ್ದರು. ಎತ್ತರದ ಆಳು, ಬೆಳಗಾವಿಯವರು, ಅವತ್ತೇ ಮೊದಲು ನೋಡಿದ್ದು. ಹುಡುಗನನ್ನೂ ಅವನ ತಂದೆತಾಯಿಯನ್ನೂ ಬಿಟ್ಟರೆ ಅವರ ಕಡೆ ಬೇರೆ ಯಾರಿಗೂ ನನ್ನ ವಿಷಯ ಗೊತ್ತಿರಲಿಲ್ಲ. ಉಳಿದವರಿಗೆಲ್ಲ ನಾನು ಬಿಪಿಯವನೇ.

ಮಂಗಳಾಷ್ಟಕ ಶುರುವಾಯಿತು. ಮೈಕು ನಮ್ಮ ತಲೆಯ ಮೇಲೆಯೇ ಇತ್ತು. ಒಂದೊಂದು ಪದ್ಯದ ಕೊನೆಗೆ ಸಾವಧಾನ ಎಂದು ಕೂಗುತ್ತಿದ್ದರು, ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತಿತ್ತು. ಹಿಂದಿನವರು ಮರಾಠಿಯಲ್ಲಿ ಮಾತಾಡುತ್ತಿದ್ದರು, ಮುಂದಿನವರು ಕನ್ನಡದಲ್ಲಿ ನಗುತ್ತಿದ್ದರು, ನನ್ನವನು ಕೂಡ ಎದ್ದು ಕೂತ. ನಿಂತ ನೋಡು, ನಡುಗುತ್ತಾನೆ ನೋಡು ಅಂದ. ನಾನು ಹುಡುಗಿಯ ಜಡೆಯ ಮೇಲಿನ ಅಬ್ಬಲಿಗೆ ದಂಡೆಯನ್ನೇ ನೋಡುತ್ತ ನಿಂತೆ. ಅವಳು ನನ್ನಿಂದ ಒಂದೇ ಹೆಜ್ಜೆ ಮುಂದೆ ಇದ್ದಳು. ಬೆನ್ನು ನನ್ನ ಕಡೆ, ಮುಖ ಅಂತರಪಟದ ಕಡೆ. ಇಷ್ಟು ಹತ್ತಿರ ಇದ್ದೂ ಏನನ್ನೂ ಕೇಳುವಂತಿರಲಿಲ್ಲ. ಇದೇ ಇನ್ನು ಮುಂದಿನ ನನ್ನ ಬದುಕು ಅನ್ನಿಸಿತು.

ಆಗ ಒಂದು ದನಿ ಬಂತು, ಮರಾಠಿಯಲ್ಲಿ, ಗಂಡಸಿನದು, ಕಿವಿಯ ಹತ್ತಿರವೇ. "ದೋನೀ ಹಾತಾನಂ ಧರಾ." ಎರಡೂ ಕೈಯಿಂದ ಹಿಡಿಯಿರಿ ಎಂದು. ನಾನು ಕಲ್ಲಾದೆ. ಮತ್ತೆ ಅದೇ ಮಾತು, ಈ ಸಲ ಇನ್ನೂ ಹತ್ತಿರದಿಂದ. ಎಷ್ಟು ದಿನ ತಾಲೀಮು ಮಾಡಿದ್ದೇನೆ, ನಿನ್ನ ಮಾತು ಕೇಳಿ ಮಂಟಪದಲ್ಲಿ ಕುಣಿಯಲೇನೋ ಎಂದು ಮನಸ್ಸಿನಲ್ಲೇ ಬೈದು ಹಲ್ಲು ಕಚ್ಚಿದೆ. "ಪಡಲ, ಪಡಲ!" ಬೀಳುತ್ತದೆ, ಬೀಳುತ್ತದೆ ಎಂದಿತು. ಬೀಳಿಸುವವನು ನೀನೇ ಅಂದುಕೊಂಡೆ. ಆದರೆ ಬೆವರಿದ ಅಂಗೈಯಲ್ಲಿ ಹಿಡಿ ಜಾರುತ್ತಿರುವುದು ನನಗೂ ಗೊತ್ತಾಗುತ್ತಿತ್ತು. ನಿಂಬೆಹಣ್ಣು ಹುಡುಗಿಯ ಬಾಸಿಂಗದ ಮಟ್ಟಕ್ಕೆ ಇಳಿದಿತ್ತು. ಹೇಳುತ್ತಿರುವವನು ನನ್ನವನೋ ಬೇರೆಯವರೋ? ಸುಮ್ಮನಿದ್ದು ತಲವಾರ ಅವಳ ಮೇಲೆ ಬಿದ್ದರೆ? ನನ್ನ ಇಷ್ಟು ವರ್ಷದ ಉಪಾಯ ಅವತ್ತು ಅವಳ ತಲೆಯ ಮೇಲೆ ತೂಗುತ್ತಿತ್ತು. ಕೇಳಿದರೆ ಇಡೀ ಬೀಗರ ಬಳಗಕ್ಕೆ ನನ್ನ ಹುಚ್ಚು ಗೊತ್ತಾಗುತ್ತದೆ. ಆಗಲಿ, ಹಾಳಾಗಿಹೋಗಲಿ!

ಪಕ್ಕಕ್ಕೆ ತಿರುಗಿ ಆ ಎತ್ತರದ ಮನುಷ್ಯನನ್ನು ಗಟ್ಟಿಯಾಗಿಯೇ ಕೇಳಿದೆ. "ಈಗ ನೀವ ಮಾತಾಡಿದ್ರೇನ್ರಿ?"

ಅವರು ಕಣ್ಣು ಬಿಟ್ಟು ನೋಡಿದರು. "ನಾನ ಅಲ್ಲೇನ್ರಿ ಪಾವ್ಣೆ! ಆಗಿಂದ ಒದರಾಕತ್ತೀನಿ, ಎರಡೂ ಕೈಲೆ ಹಿಡೀರಿ ಅಂತ!"

ನಾನು ಗಬಕ್ಕನೆ ಎಡಗೈ ಕೊಟ್ಟು ಹಿಡಿದೆ. ತಲವಾರ ಮೇಲೆದ್ದಿತು. ಎರಡು ಕೈ ಸೇರಿದರೂ ನಡುಗಿತು, ಆದರೆ ಜಾರಲಿಲ್ಲ. ನಮ್ಮ ಹುಡುಗಿಯ ಭುಜಗಳು ಅಲುಗಾಡತೊಡಗಿದವು. ಮಂದಿ ಮದುಮಗಳು ಅಳುತ್ತಿದ್ದಾಳೆ ಅಂದುಕೊಂಡರು. ಯಾರೋ ಹೆಂಗಸರು ಅಯ್ಯ ಪಾಪ ಎಂದೂ ಅಂದರು. ಅವಳು ನಗುತ್ತಿದ್ದಳು. ನನಗೊಬ್ಬನಿಗೇ ಅದು ಗೊತ್ತಿತ್ತು. ಕೊನೆಯ ಸಾವಧಾನ ಆಯಿತು, ಅಂತರಪಟ ಸರಿಯಿತು, ಬ್ಯಾಂಡು ಬಡಿಯಿತು. ಅಲ್ಲಿಯವರೆಗೂ ನಾನು ತಲವಾರ ಇಳಿಸಲಿಲ್ಲ.

ಊಟಕ್ಕೆ ಆ ಸೋದರಮಾವ ನನ್ನನ್ನು ಎಳೆದುಕೊಂಡು ಹೋಗಿ ಪಕ್ಕದಲ್ಲೇ ಕೂಡಿಸಿಕೊಂಡರು. ಅವರ ಕನ್ನಡದಲ್ಲಿ ಅರ್ಧ ಮರಾಠಿ, ನನ್ನ ಮರಾಠಿಯಲ್ಲಿ ಅರ್ಧ ಕನ್ನಡ. ಬಾಜೂಕ ನಿಂತವನು ಮಾತಾಡಿದರೆ ಮಾತಾಡಿದ್ದು ನೀವೇನು ಎಂದು ಯಾಕೆ ಕೇಳಿದಿರಿ ಅಂದರು. ಬುಂದಿ ಬಡಿಸುತ್ತಿದ್ದ ಅಕ್ಕ ದೂರದಿಂದಲೇ ಕಣ್ಣು ಮಾಡಿದಳು, ಬಿಪಿ ಅನ್ನು ಎಂದು. ನಾನು ತಲೆ ತಗ್ಗಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನಗೆ ಇಲ್ಲದವರ ದನಿ ಕೇಳಿಸುತ್ತದೆ, ಅದೂ ಮರಾಠಿಯಲ್ಲಿ, ನಿಮ್ಮದನ್ನೂ ಅದೇ ಅಂದುಕೊಂಡೆ ಎಂದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ಮತ್ತ ಮೊದಲ ಕೇಳೂದಲ್ಲ? ತಲವಾರ ನನ್ನ ಕಾಲ ಮ್ಯಾಲ ಬಿದ್ದಿದ್ರ ಯಾರು ಗತಿ?" ಅಂದರು. ನನಗೆ ನಗು ಬಂತು, ಅವರಿಗೂ ಬಂತು. ಒಂದಿಷ್ಟು ಹೊತ್ತು ಉಂಡರು. ಆಮೇಲೆ ವಿಚಾರ ಮಾಡಿದವರ ಹಾಗೆ ಕೇಳಿದರು.

"ಆ ದನಿಗಿ ಕೈ ಅದಾವೇನ್ರಿ?"

"ಕೈ?"

"ಮುಟ್ಟತೈತೇನು ನಿಮ್ಮನ್ನ?"

ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. "ಇಲ್ರಿ. ಬರೇ ಬಾಯಿ" ಅಂದೆ.

"ಹಂಗಾರ ಆತಲ್ಲ. ಇನ್ನ ಮುಂದ ನಾ ನಿಮ್ಮ ಕೂಡ ಮಾತಾಡೂದಿದ್ರ ಮೊದಲ ಕೈ ಮುಟ್ಟತೀನಿ, ಆ ಮ್ಯಾಲ ಮಾತಾಡತೀನಿ" ಎಂದು ಎಡಗೈಯನ್ನು ನನ್ನ ಮೊಣಕೈ ಮೇಲೆ ಇಟ್ಟರು. ಇಟ್ಟು, "ಸಾರು ಬೇಕೇನ್ರಿ?" ಅಂದರು. ಬೇಕು ಅಂದೆ.

ಸಾಯಂಕಾಲ ಹುಡುಗಿಯನ್ನು ಕಳಿಸಿಕೊಡುವ ಹೊತ್ತು. ಅವಳು ಅವ್ವ ಅಪ್ಪನನ್ನು ತಬ್ಬಿ ಅತ್ತಳು. ನನ್ನ ಹತ್ತಿರ ಬಂದಾಗ ಕಣ್ಣಿನ ಕಾಡಿಗೆ ಕೆನ್ನೆಗೆ ಬಂದಿತ್ತು.

"ಮಾಮಾ, ಇವತ್ತ ನನ್ನ ಬಿಟ್ಟು ಬ್ಯಾರೇದವರನ್ನ ಕೇಳಿದಿ."

"ಕೇಳಿದ್ನಿ."

"ನನಗ ಹೊಟ್ಟಿಕಿಚ್ಚ ಆತು" ಎಂದು ಅಳುತ್ತಲೇ ನಕ್ಕಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಹುಷಾರು ಅಂದೆ ಅಷ್ಟೆ.

ಗಾಡಿ ಹೋಯಿತು. ಜನ ಒಳಗೆ ಹೋದರು. ಕಾರ್ಯಾಲಯದ ಮೆಟ್ಟಿಲ ಮೇಲೆ ಅಕ್ಕ ಒಬ್ಬಳೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನನ್ನ ಬೆನ್ನ ಹಿಂದಿನಿಂದ ಒಬ್ಬ ಮರಾಠಿಯಲ್ಲಿ ಅಂದ, ಹೋದಳು, ಇನ್ನು ನಿನಗ್ಯಾರು? ನಾನು ಸ್ವಲ್ಪ ಕಾಯ್ದೆ. ಹೆಗಲ ಮೇಲೆ ಯಾವ ಕೈಯೂ ಬೀಳಲಿಲ್ಲ. ಹಾಗಾದರೆ ನೀನೇ ಬಿಡು ಅಂದುಕೊಂಡೆ. ಎದೆ ಭಾರವಾಗಿಯೇ ಇತ್ತು, ಆದರೆ ಅದು ಹುಡುಗಿ ಹೋದದ್ದಕ್ಕೆ, ಎಲ್ಲರಿಗೂ ಆಗುವಂಥದ್ದು.

ಮೆಟ್ಟಿಲ ಹತ್ತಿರ ಹೋದೆ. ಅಕ್ಕನ ಹೆಗಲ ಮೇಲೆ ಮೊದಲು ಕೈಯಿಟ್ಟು, ಆಮೇಲೆ ಅಂದೆ, "ಏಳಕ್ಕಾ, ಮನಿಗಿ ಹೋಗೂಣು."